ಗಾಳಿಗೊಂದು ಮುಚ್ಚಳ

ನಜೀಫನ ತಲೆ ಮತ್ತು ಬಲಗೈ ಒಲೆಯೊಳಗಿದ್ದವು. ಮಿಕ್ಕ ಮೈ, ನೆಲಕ್ಕೆ ಹಾಸಿದ್ದ ಹಳೇ ಪತ್ರಿಕೆಗಳ ಮೇಲೆ ಮಂಡಿಯೂರಿಕೊಂಡು ಹೊರಗಿತ್ತು. ಒಳಗೆ ಅವನಿಗೆ ಕಾಣುತ್ತಿದ್ದದ್ದು ಬರೀ ಮಸಿ. ಕೇಳುತ್ತಿದ್ದದ್ದು ಬರೀ ಅತ್ತೆ.

"ಇಷ್ಟು ವರ್ಷ ಉರೀತು ಈ ಒಲೆ. ನಿನ್ನೇನೂ ಉರೀತು. ಇವತ್ತು ಇದಕ್ಕೆ ಏನು ಕಾಯಿಲೆ ಬಂತು ಅಂತ ಡಾಕ್ಟರು ಹೊಟ್ಟೆಯೊಳಗೇ ಹೊಕ್ಕಿದಾರೆ?"

"ಕಾಯಿಲೆ ಏನಿಲ್ಲ ಅತ್ತೆ. ಸುಧಾರಣೆ," ಅಂದ ನಜೀಫ. ಮಾತು ಗವಿಯಿಂದ ಬಂದಂತೆ ಕೇಳಿತು.

"ಸುಧಾರಣೆ ಅಂತ ಆಳೋ ಪಕ್ಷದವರೂ ಹೇಳ್ತಾರೆ. ಆಮೇಲೆ ಅಂಗಡೀಲಿ ಕಾಫಿ ಸಿಗಲ್ಲ."

ಅತ್ತೆ ಹಸೀಬಾ ಕೂತಿದ್ದದ್ದು ಒಲೆಯ ಎಡಕ್ಕಿದ್ದ ಮರದ ಬೆಂಚಿನ ಮೇಲೆ. ಕುರಿಚರ್ಮ ಹಾಸಿದ ಆ ಬೆಂಚಿನಲ್ಲಿ ಇಬ್ಬರಿಗೆ ಜಾಗ. ಗೋಡೆಯ ಕಡೆಯದು ಹಸೀಬಾಳದು. ಒಲೆಯ ಕಡೆಯದು ಆಕೆಯ ಗಂಡ ದೆರ್ವಿಶನದಾಗಿತ್ತು. ಅವನು ತೀರಿಕೊಂಡ ಮೇಲೆ ಆ ಜಾಗಕ್ಕೆ ಬೂದು ಬಣ್ಣದ ಗಂಡುಬೆಕ್ಕು ಬಂದು ಮಲಗಿತು, ಆಕೆ ಏನೂ ಅನ್ನಲಿಲ್ಲ. ಒಮ್ಮೆ, ಗಣಿಯಿಂದ ನೆನೆದು ನಡುಗುತ್ತ ಬಂದ ನಜೀಫ ಅಲ್ಲಿ ಕೂರಲು ಹೋದಾಗ ಮಾತ್ರ "ಬೆಕ್ಕು ಮಲಗಿದೆ, ಕಾಣಲ್ವಾ" ಅಂದಿದ್ದಳು. ಅವನು ಎದ್ದು ಸ್ಟೂಲು ಹುಡುಕಿಕೊಂಡಿದ್ದ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಆ ಸುಖವೂ ಅವನಿಗಿರಲಿಲ್ಲ. ಆ ಮನೆಯಲ್ಲಿ ಕೊತ್ತಿಯ ಸ್ಥಾನ ಅವನದಕ್ಕಿಂತ ಮೇಲಿನದು.

ನಜೀಫ ಮನೆಅಳಿಯ. ಯೆಲೊವಿಕ್‌ನಂಥ ಗಣಿಯೂರಿನಲ್ಲಿ ಗಂಡಸಿಗೆ ಅದಕ್ಕಿಂತ ಕೆಟ್ಟ ಹೆಸರು ಕುಡುಕ ಅನ್ನುವುದೊಂದೇ. ಕುಡುಕನಾದರೂ ಸ್ವಂತ ಮನೆಯಲ್ಲಿ ಬೀಳುತ್ತಾನೆ. ಮದುವೆಯಾದ ಹೊಸದರಲ್ಲಿ ಮನೆ ಸಿಗುವವರೆಗೆ ಅಂತ ಹೆಂಡತಿ ರೆಮ್ಜಿಯಾಳ ತವರಿಗೆ ಬಂದವನು ಅಲ್ಲೇ ಉಳಿದ. ಗಣಿಯ ರಿಪೇರಿ ಶೆಡ್ಡಿನಲ್ಲಿ ವೆಲ್ಡಿಂಗ್ ಕೆಲಸ, ಒಳ್ಳೇ ಸಂಬಳ, ವರ್ಷಕ್ಕಿಷ್ಟು ಅಂತ ಕಲ್ಲಿದ್ದಲೂ ಸಿಗುತ್ತಿತ್ತು. ಶೆಡ್ಡಿನಲ್ಲಿ ಅವನ ಮಾತಿಗೆ ಬೆಲೆಯಿತ್ತು. ಮನೆಯಲ್ಲಿ ಅತ್ತೆಯನ್ನು ಕೇಳದೆ ಒಂದು ಮೊಳೆ ಹೊಡೆದವನಲ್ಲ. ಕೋಟು ತೂಗುಹಾಕುವ ಗೂಟ ಕೂಡ ದೆರ್ವಿಶ್ ಹೊಡೆದದ್ದು. ಅದು ಎಷ್ಟು ಎತ್ತರದಲ್ಲಿತ್ತೆಂದರೆ ಕುಳ್ಳನಾದ ನಜೀಫ ದಿನವೂ ತುದಿಗಾಲಲ್ಲಿ ನಿಂತು ಕೋಟು ಹಾಕುತ್ತಿದ್ದ.

ಒಲೆಯೂ ದೆರ್ವಿಶನೇ ತಂದದ್ದು. ಎದೆಮಟ್ಟದ ಕಬ್ಬಿಣದ ಒಲೆ, ಮೇಲೆ ಕಾಫಿ ಪಾತ್ರೆ ಇಡಲು ಚಪ್ಪಟೆ ತಲೆ, ಮುಂದೆ ಕಾಲಿಡಲು ಸರಳು. ನೋಡಲು ಗಂಭೀರ, ಗುಣದಲ್ಲಿ ದರಿದ್ರ. ಕಲ್ಲಿದ್ದಲನ್ನು ಗಬಗಬನೆ ತಿಂದು ಅರ್ಧ ಶಾಖವನ್ನು ಚಿಮಣಿಗೆ ಕಳಿಸುತ್ತಿತ್ತು. ಹತ್ತಿರ ಕೂತವರ ಮೊಣಕಾಲು ಸುಡುತ್ತಿತ್ತು, ಬೆನ್ನು ಹೆಪ್ಪುಗಟ್ಟುತ್ತಿತ್ತು. ಊರಿನ ಕಲ್ಲಿದ್ದಲೂ ಹೊಗೆಗೆ ಹೆಸರಾದದ್ದು. ಎದುರುಮನೆಯ ಶಾಹಾ ಒಣಹಾಕಿದ ಬಿಳೀ ಬಟ್ಟೆಗಳನ್ನು ಸಂಜೆ ಬೂದು ಬಟ್ಟೆಗಳಾಗಿ ಒಳಗೆ ತರುತ್ತಿದ್ದಳು, ತರುವಾಗ ಈ ಮನೆಯ ಕಡೆ ನೋಡಿ ನಾಲ್ಕು ಮಾತು ಆಡುತ್ತಿದ್ದಳು.

ನಜೀಫನ ಲೆಕ್ಕಾಚಾರ ಸರಳವಾಗಿತ್ತು. ಹೊಗೆ ಅಂದರೆ ಉರಿಯದೆ ಓಡಿಹೋದ ಬೆಂಕಿ. ಅದು ಓಡುವ ದಾರಿಗೆ ಒಂದು ದಪ್ಪ ತಗಡು ಅಡ್ಡ ಹಾಕಿದರೆ ತಿರುಗಿ ಬೆಂಕಿಯ ಮೇಲೇ ಬರಬೇಕು. ಬಂದಾಗ ಮೇಲಿಂದ ಸ್ವಲ್ಪ ಹೊಸ ಗಾಳಿ ಸಿಕ್ಕರೆ ಹೊಗೆಯೂ ಹತ್ತಿಕೊಂಡು ಉರಿಯುತ್ತದೆ. ಅದಕ್ಕೆ ಹೊರಗಿನ ಗೋಡೆಯಿಂದ ಒಲೆಯ ಬೆನ್ನಿಗೆ ಒಂದು ಕೊಳವೆ. ಗಣಿಯೊಳಗೆ ಗಾಳಿ ಕಳಿಸುವ ಕೊಳವೆಗಳನ್ನು ಇಷ್ಟು ವರ್ಷ ಬೆಸೆದವನಿಗೆ ಇದು ಯಾವ ಮಹಾ ಕೆಲಸ? ಕಷ್ಟವಿದ್ದದ್ದು ಅತ್ತೆಯ ಒಪ್ಪಿಗೆಯಲ್ಲಿ. ರೆಮ್ಜಿಯಾ ಇಬ್ಬರ ನಡುವೆ ಓಡಾಡಿ ಸಾಕಾಗಿ, "ನೀನೂ ಅಮ್ಮನೂ ಒಲೇನೇ ಮದ್ವೆ ಆಗ್ಬೇಕಿತ್ತು," ಅಂದುಬಿಟ್ಟಳು.

ಕೊನೆಗೆ ಹೋದ ವಾರ ಹಸೀಬಾ ಒಪ್ಪಿದ್ದಳು, ಆದರೆ ಷರತ್ತಿನೊಂದಿಗೆ. ಎದುರುಮನೆಯ ಫೆಹಿಮ್ ಮತ್ತು ಶಾಹಾ ಕಾಫಿಗೆ ಬಂದಿದ್ದ ಹೊತ್ತು ನೋಡಿ ಹೇಳಿದಳು, ಸಾಕ್ಷಿಗಿರಲಿ ಅಂತ.

"ಡಿಸೆಂಬರಲ್ಲಿ ನಮ್ಮನೆಯವರು ತೀರಿಕೊಂಡ ವರ್ಷದ ಪ್ರಾರ್ಥನೆ. ಊರ ಹೆಂಗಸರೆಲ್ಲ ಇದೇ ಕೋಣೇಲಿ ಕೂರ್ತಾರೆ. ಅವತ್ತು ಒಲೆ ನೀನು ಹೇಳಿದ ಹಾಗೆ ಉರಿದ್ರೆ, ಒಲೆ ನಿಂದು. ಇನ್ಮೇಲೆ ಏನು ಮಾಡ್ತೀಯೋ ಮಾಡ್ಕೋ, ನಾನು ಬಾಯಿ ಹಾಕಲ್ಲ. ಹೊಗೆಯಾಡ್ತೋ, ಮೊದಲು ಹೇಗಿತ್ತೋ ಹಾಗೆ ಮಾಡಿಟ್ಟು, ಈ ಮನೇಲಿ ಇನ್ನು ಯಾವುದನ್ನೂ ಮುಟ್ಟಬಾರ್ದು."

ನಜೀಫ ಒಪ್ಪಿಕೊಂಡ. ಸ್ವಂತ ಮನೆ ಇಲ್ಲದವನಿಗೆ ಸ್ವಂತ ಒಲೆಯಾದರೂ ಆಗಲಿ ಅಂತ ಅವನಿಗೆ ಎಷ್ಟು ಆಸೆಯಾಯಿತೆಂದರೆ, ಆ ರಾತ್ರಿ ನಿದ್ದೆ ಬರಲಿಲ್ಲ.

ತಗಡು, ಕೊಳವೆ ಕೂರಿಸಿದ ಮೊದಲ ವಾರ ಒಲೆ ಬಂಗಾರದಂತೆ ನಡೆದುಕೊಂಡಿತು. ಅರ್ಧ ಬಕೆಟ್ ಕಲ್ಲಿದ್ದಲಿಗೆ ಕೋಣೆಯ ಮೂಲೆ ಮೂಲೆಯೂ ಬೆಚ್ಚಗಾಯಿತು. ಒಲೆಯ ಬಾಗಿಲ ಸಂದಿಯಲ್ಲಿ ಇಣುಕಿದರೆ ತಗಡಿನ ಕೆಳಗೆ ಹೊಗೆಯೇ ಹೂವಿನಂತೆ ಹೊತ್ತಿಕೊಂಡು ಉರಿಯುವುದು ಕಾಣುತ್ತಿತ್ತು. ಚಿಮಣಿಯಿಂದ ಹೊಗೆ ಅನ್ನುವುದೇ ಇಲ್ಲ. ಮೂರನೇ ದಿನ ಫೆಹಿಮ್ ಟೋಪಿ ಕೈಯಲ್ಲಿ ಹಿಡಿದುಕೊಂಡು ಬಾಗಿಲಿಗೆ ಬಂದ. ನಿಮ್ಮ ಚಿಮಣಿ ತಣ್ಣಗಿದೆ, ಮನೆಯಲ್ಲಿ ಯಾರಾದರೂ ಹೋದರೋ ಅಂತ ವಿಚಾರಿಸಲು ಬಂದೆ ಅಂದ. ನಜೀಫ ಅವನನ್ನು ಒಳಗೆ ಕರೆದು, ಒಲೆಯ ಮುಂದೆ ಕೂರಿಸಿ, ಶುರುವಿನಿಂದ ಎಲ್ಲವನ್ನೂ ವಿವರಿಸಿದ. ಫೆಹಿಮ್ ಎರಡು ಲೋಟ ಕಾಫಿ ಕುಡಿದು, ಏನೂ ಅರ್ಥವಾಗದೆ, ತುಂಬ ಮೆಚ್ಚಿಕೊಂಡು ಹೋದ. ಹಸೀಬಾ ಹೆಣಿಗೆಯಿಂದ ತಲೆಯೆತ್ತಲಿಲ್ಲ.

ಎಂಟನೇ ದಿನವೋ ಒಂಬತ್ತನೇ ದಿನವೋ ಆಕೆ ಮೊಟ್ಟೆ ತರಲು ಹಿತ್ತಲ ಕೋಳಿಗೂಡಿಗೆ ಹೋದವಳು ಗೋಡೆಯಲ್ಲಿ ಕೊಳವೆಯ ಬಾಯಿ ನೋಡಿದಳು. ಮೊಟ್ಟೆಗಳನ್ನು ಅಲ್ಲೇ ಬಿಟ್ಟು ಒಳಗೆ ಬಂದಳು.

"ಅದು ಹೊರಗಿನ ಗಾಳಿನಾ ಒಳಗೆ ತರೋದು?"

"ಹೌದತ್ತೆ. ಆದ್ರೆ ಕೊಳವೆಯೊಳಗೇ ಬಂದು ಒಲೆಯೊಳಗೇ ಹೋಗುತ್ತೆ. ಕೋಣೆಗೆ ಬರಲ್ಲ."

"ಕೋಣೆಗೆ ಬರಬೇಡ ಅಂತ ಗಾಳಿಗೆ ಹೇಳಿದೀಯಾ?"

ಇದನ್ನು ಕೇಳಿ ನಗುವವರು ಯೆಲೊವಿಕ್‌ನವರಲ್ಲ. ಆ ಊರಲ್ಲಿ ದೇವರ ಬಗ್ಗೆ ಎರಡು ಅಭಿಪ್ರಾಯವಿದ್ದವು, ಪಕ್ಷದ ಬಗ್ಗೆ ಮನೆಯೊಳಗೊಂದು ಮನೆಯ ಹೊರಗೊಂದು. ನುಸುಳುಗಾಳಿಯ ಬಗ್ಗೆ ಮಾತ್ರ ಎಲ್ಲರದೂ ಒಂದೇ ಅಭಿಪ್ರಾಯ: ಅದು ಮನುಷ್ಯನನ್ನು ಕೊಲ್ಲುತ್ತದೆ. ಗಣಿ ಕುಸಿದು ಬದುಕಿ ಬಂದವರು ಎರಡು ಕಿಟಕಿಗಳ ನಡುವೆ ಕೂತು ಸತ್ತ ಕಥೆಗಳು ಪ್ರತಿ ಮನೆಯಲ್ಲೂ ಇದ್ದವು. ಸರಾಯೆವೊದಲ್ಲಿ ಓದಿ ಬಂದ ಡಾಕ್ಟರೂ ರೋಗಿಯನ್ನು ಮುಟ್ಟುವ ಮೊದಲು ಎದ್ದು ಕಿಟಕಿ ಮುಚ್ಚುತ್ತಿದ್ದ. ನಜೀಫನೇ ಬೇಸಿಗೆಯಲ್ಲಿ ಬಸ್ಸು ಹತ್ತಿದರೆ ಕತ್ತಿಗೆ ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದ. ಹಾಗಿರುವಾಗ ಅತ್ತೆಯ ಬೆಂಚಿನ ಹಿಂದಿನ ಗೋಡೆಗೆ ತೂತು ಕೊರೆದು, ಆಕೆ ಸುಮ್ಮನಿರುತ್ತಾಳೆ ಅಂದುಕೊಂಡದ್ದು ಅವನ ತಪ್ಪೇ. ಆದರೆ ಹೊಸ ಒಲೆಯ ಅಮಲಿನಲ್ಲಿ ಅವನಿಗೆ ಅದು ಹೊಳೆಯಲಿಲ್ಲ. ಆಕೆ ಆಮೇಲೆ ಆ ಮಾತೇ ಎತ್ತಲಿಲ್ಲವಾದ್ದರಿಂದ, ಅರ್ಥಮಾಡಿಕೊಂಡಳು ಅಂತ ನೆಮ್ಮದಿಯಾಗಿದ್ದ.

ಎರಡು ದಿನ ಕಳೆದ ಮೇಲೆ ಒಲೆ ಮುನಿಸಿಕೊಂಡಿತು.

ಶುರುವಿನಲ್ಲಿ ಬೆಂಕಿ ಮಂಕಾಯಿತು. ಆಮೇಲೆ ಬಾಗಿಲು ತೆಗೆದರೆ ಹೊಗೆ ಮುಖಕ್ಕೆ ಬರತೊಡಗಿತು. ಚಿಮಣಿ ಹಿಂದೆಂದಿಗಿಂತ ಕಪ್ಪಗೆ ಕಾರಿತು, ಶಾಹಾ ಹಿಂದೆಂದಿಗಿಂತ ಜೋರಾಗಿ ಮಾತಾಡಿದಳು. ನಜೀಫ ಕೆಲಸದಿಂದ ಬಂದವನು ಊಟಕ್ಕೂ ಕೂರದೆ ಒಲೆಯೊಳಗೆ ಹೊಕ್ಕ. ತಗಡನ್ನು ಎರಡು ಬೆರಳು ಮೇಲೆ ಬೆಸೆದ. ಮರುದಿನ ನಾಲ್ಕು ಬೆರಳು ಕೆಳಗೆ ಬೆಸೆದ. ಹೊಗೆಕೊಳವೆ ಕಳಚಿ ಹಿತ್ತಲಲ್ಲಿ ಬಡಿದು ಇಲ್ಲಣ ಉದುರಿಸಿದ. ಜಾಲರಿ ಬದಲಿಸಿದ. ಕಲ್ಲಿದ್ದಲೇ ಸರಿಯಿಲ್ಲ ಅಂದಾಗ ಹಸೀಬಾ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅಂತ ಬೆಕ್ಕಿಗೆ ಹೇಳಿದಳು.

ಸುದ್ದಿ ಹಬ್ಬಿ ಊರೆಲ್ಲ ಒಲೆ ಪಂಡಿತರಾದರು. ಚಿಮಣಿ ಗಿಡ್ಡವಾಯಿತು ಅಂತ ಕ್ಷೌರಿಕ ಹೇಳಿದ. ಉದ್ದವಾಯಿತು ಅಂತ ಬೇಕರಿಯವನು ಹೇಳಿದ. ಫೆಹಿಮ್ ಪ್ರತಿ ಸಂಜೆ ಬಂದು ಸ್ಟೂಲಿನ ಮೇಲೆ ಕೂತು, ಒಲೆಗೆ ಕಣ್ಣು ತಗುಲಿರಬೇಕು, ಅವತ್ತು ನಾನು ಬಹಳ ಮೆಚ್ಚಿದೆ ನೋಡು, ಅಂತ ತನ್ನ ಮೇಲೇ ತಪ್ಪು ಹಾಕಿಕೊಂಡು ಕಾಫಿ ಕುಡಿದು ಹೋಗುತ್ತಿದ್ದ. ನಡುವೆ ಒಂದು ಶನಿವಾರ ಮಾತ್ರ ಒಲೆ ಇದ್ದಕ್ಕಿದ್ದ ಹಾಗೆ, ಮೊದಲ ವಾರದಂತೆ, ಇಡೀ ದಿನ ಚೆನ್ನಾಗಿ ಉರಿಯಿತು. ಅವತ್ತು ತಾನು ಮುಟ್ಟಿದ್ದೇನು ಅಂತ ನಜೀಫ ತಲೆ ಕೆರೆದುಕೊಂಡ. ಏನನ್ನೂ ಮುಟ್ಟಿರಲಿಲ್ಲ. ಶನಿವಾರ ಮನೆಯಲ್ಲಿ ಬಟ್ಟೆ ಒಗೆಯುವ ದಿನ ಅನ್ನುವುದನ್ನೂ ಒಲೆಯನ್ನೂ ಜೋಡಿಸಿ ನೋಡುವ ಬುದ್ಧಿ ಯಾರಿಗಿರುತ್ತದೆ?

ಪ್ರಾರ್ಥನೆಯ ದಿನ ಬಂತು. ರೆಮ್ಜಿಯಾ ನಸುಕಿನಿಂದಲೇ ಹಲ್ವ ಮಗುಚುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಬಾಗಿಲ ಮುಂದೆ ಹೆಂಗಸರ ರಬ್ಬರ್ ಬೂಟುಗಳ ರಾಶಿ ಬಿತ್ತು. ಬಿಳೀ ತಲೆವಸ್ತ್ರ ಹೊದ್ದವರೆಲ್ಲ ಕೋಣೆಯ ತುಂಬ ವೃತ್ತವಾಗಿ ಕೂತರು. ನಡುವೆ ಪ್ರಾರ್ಥನೆ ಹೇಳಿಸುವ ಹಿರಿಯಾಕೆ ನಫೀಯಾ, ಕೈಯಲ್ಲಿ ಎಲ್ಲರ ಬೆರಳಿಗೂ ಸಾಗುವಂಥ ಉದ್ದನೆಯ ಜಪಮಾಲೆ. ಗಂಡಸರಿಗೆ ಅಲ್ಲಿ ಜಾಗವಿಲ್ಲ. ನಜೀಫ ಒಲೆಗೆ ಒಳ್ಳೆಯ ಕೆಂಡ ಮಾಡಿಟ್ಟು, ಯಾರೂ ಅದರ ಬಾಗಿಲು ತೆಗೆಯಬೇಡಿ ಅಂತ ಹೆಂಡತಿಯ ಕಿವಿಯಲ್ಲಿ ಹೇಳಿ, ಫೆಹಿಮನ ಅಡುಗೆಮನೆಗೆ ಹೋಗಿ ಕಿಟಕಿಯ ಬಳಿ ಕೂತ. ಅಲ್ಲಿಂದ ತನ್ನ ಚಿಮಣಿ ಕಾಣುತ್ತಿತ್ತು. ಪರೀಕ್ಷೆ ಬರೆದ ಹುಡುಗ ಮೇಷ್ಟರ ಮುಖ ನೋಡುವಂತೆ ಅದನ್ನೇ ನೋಡಿದ.

ಹೊಗೆ ಮೊದಲು ಬೂದು, ಆಮೇಲೆ ಕಂದು. ಫೆಹಿಮ್ ಏನೋ ಸಮಾಧಾನ ಹೇಳಹೊರಟ. ಆದರೆ ಚಿಮಣಿ ಈಗ ಡಾಂಬರಿನಂಥ ಹೊಗೆ ಬಿಡುತ್ತಿತ್ತು. ಅದೂ ಒಂದು ಕ್ಷಣ ನಿಂತಿತು. ಒಳಗೆ, ಕೋಣೆ ತಣ್ಣಗಾಯಿತು ಅಂತ ಹಸೀಬಾ ಎದ್ದು ಕಲ್ಲಿದ್ದಲು ಹಾಕಲು ಒಲೆಯ ಬಾಗಿಲು ತೆಗೆದಿದ್ದಳು. ದಾರಿ ಕಾಣದೆ ಒಳಗೇ ಕೂಡಿಕೊಂಡಿದ್ದ ಹೊಗೆಗೆ ಗಾಳಿ ಸಿಕ್ಕಿದ್ದೇ ತಡ, ಅದು ಭಗ್ಗನೆ ಹೊತ್ತಿ, ಒಲೆ ಹೊಟ್ಟೆ ತುಂಬಿದ ಗೌಡನಂತೆ ದೊಡ್ಡದಾಗಿ ಒಂದು ತೇಗು ತೇಗಿತು. ಒಲೆಯಲ್ಲಿದ್ದ ಮಸಿಯೆಲ್ಲ ಕೋಣೆಗೆ ಬಂತು.

ನಜೀಫ ಓಡಿದ. ಮುಂಬಾಗಿಲಲ್ಲಿ ಕೆಮ್ಮುತ್ತ ಹೊರಬರುವ ಹೆಂಗಸರನ್ನು ಎದುರಿಸುವ ಧೈರ್ಯವಾಗದೆ ಹಿತ್ತಲ ಕಡೆಯಿಂದ ಬಳಸಿ ಹೋದ. ಕೋಳಿಗೂಡಿನ ಪಕ್ಕದಲ್ಲಿ, ಸರಿಯಾಗಿ ಅವನ ಕಣ್ಣಿನ ಎತ್ತರದಲ್ಲಿ, ಗಾಳಿ ಕೊಳವೆಯ ಬಾಯಿಂದ ಬೂದು ಉಣ್ಣೆಯ ಏನೋ ನಾಲಿಗೆಯಂತೆ ಹೊರಗೆ ಇಳಿಬಿದ್ದಿತ್ತು. ಹಿಡಿದು ಎಳೆದ. ಉದ್ದಕ್ಕೆ ಬಂತು. ಕಾಲುಚೀಲ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಕಥೆಯಾಯಿತು ಅವನದು. ಇಷ್ಟು ದಿನ ಒಲೆಯೊಳಗೆ ತಲೆ ತೂರಿಸಿದವನು ಗೋಡೆಯ ಆಚೆಗೊಮ್ಮೆ ಬಂದು ನೋಡಿರಲಿಲ್ಲ. ಸಿಟ್ಟು ನೆತ್ತಿಗೇರಿತು. ಜೊತೆಗೆ, ಮುಚ್ಚಿಡುವುದೇಕೆ, ಸಂತೋಷವೂ ಆಯಿತು. ಒಲೆ ಸರಿಯಾಗಿಯೇ ಇತ್ತು! ಕಳ್ಳಿ ಕೈಗೆ ಸಿಕ್ಕಿದ್ದಳು, ಸಾಕ್ಷಿ ಮುಷ್ಟಿಯಲ್ಲಿತ್ತು, ತೀರ್ಪು ಕೊಡಲು ಊರ ಹೆಂಗಸರೆಲ್ಲ ಒಂದೇ ಕಡೆ ಸೇರಿದ್ದರು. ಇಂಥ ದಿನ ಮನೆಅಳಿಯನ ಬಾಳಿನಲ್ಲಿ ಎರಡು ಸಲ ಬರುವುದಿಲ್ಲ. ಕಾಲುಚೀಲವನ್ನು ಬಾವುಟದಂತೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಎರಡು ಹೆಜ್ಜೆ ಇಟ್ಟ.

ಆಗ ಹಿಮ್ಮಡಿ ಕಂಡಿತು. ಬೂದು ಉಣ್ಣೆಗೆ ಕಂದು ದಾರದಲ್ಲಿ ಹಾಕಿದ ತೇಪೆ. ಈ ತೇಪೆ ಅವನಿಗೆ ಗೊತ್ತಿತ್ತು. ಎಷ್ಟೋ ಚಳಿಗಾಲ ಒಲೆಯ ಮುಂದಿನ ಸರಳಿನ ಮೇಲೆ ಹಾಯಾಗಿ ಚಾಚಿಕೊಂಡಿರುತ್ತಿದ್ದ ದೆರ್ವಿಶನ ಕಾಲಲ್ಲಿ ಇದನ್ನು ಸ್ಟೂಲಿನ ಮೇಲಿಂದ ನೋಡಿದ್ದ. ತೀರಿಕೊಂಡವನ ಬಟ್ಟೆಗಳನ್ನೆಲ್ಲ ಹಸೀಬಾ ಹುಳು ಹಿಡಿಯದಂತೆ ಅಕ್ರೋಟಿನ ಎಲೆ ಹಾಕಿ ಪೆಟ್ಟಿಗೆಯಲ್ಲಿಟ್ಟಿದ್ದಳು, ರೆಮ್ಜಿಯಾಳಿಗೂ ಮುಟ್ಟಗೊಡುತ್ತಿರಲಿಲ್ಲ. ಮನೆಯಲ್ಲಿ ಚಿಂದಿಗೇನು ಬರವಿರಲಿಲ್ಲ. ಆದರೂ ಆ ಗಾಳಿಯನ್ನು ತಡೆಯುವ ಕೆಲಸಕ್ಕೆ ಆಕೆಗೆ ನಂಬಿಕೆ ಬಂದದ್ದು ಇದರ ಮೇಲೆ. ಶನಿವಾರ ತೆಗೆದು, ಒಗೆದು, ಒಣಗಿಸಿ, ಮತ್ತೆ ತಂದು ತುರುಕಿದ್ದಳು. ನಜೀಫನ ಕೈ ತಾನಾಗಿ ಕೆಳಗಿಳಿಯಿತು. ಸಿಟ್ಟು ಹೋಗಲಿಲ್ಲ, ಆದರೆ ಅದರ ಜೊತೆ ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಅವನು ಒಳಗೆ ಹೋದಾಗ, ಮರಳಿ ಬಂದು ಕೂತಿದ್ದ ಎಲ್ಲರ ತಲೆವಸ್ತ್ರವೂ ಶಾಹಾಳ ಬಟ್ಟೆಗಳ ಬಣ್ಣಕ್ಕೆ ತಿರುಗಿತ್ತು. ನಫೀಯಾಳ ಮುಖದಲ್ಲಿ ಕಣ್ಣು ಮತ್ತು ಹಲ್ಲು ಮಾತ್ರ ಬೆಳ್ಳಗಿದ್ದವು.

"ನಲವತ್ತು ವರ್ಷ ಗಂಡಂದಿರು ಗಣಿಯಿಂದ ಬರೋದು ನೋಡ್ತಿದ್ವಿ," ಅಂದಳು ಆಕೆ. "ಹೆಂಗಸರನ್ನ ಒಟ್ಟಿಗೆ ಗಣಿಗಿಳಿಸಿದವನು ನೀನೊಬ್ಬನೇ ಕಣಪ್ಪ. ಏನಾಯ್ತು ನಿನ್ನ ಒಲೆಗೆ?"

ಹಸೀಬಾ ಬೆಂಚಿನ ಪಕ್ಕ ನಿಂತಿದ್ದಳು. ಆಕೆಯ ನೋಟ ನಜೀಫನ ಮುಷ್ಟಿಯ ಮೇಲಿತ್ತು. ಬೆರಳ ಸಂದಿಯಿಂದ ಕಂದು ದಾರದ ತೇಪೆ ಒಂದಿಷ್ಟು ಹೊರಗೆ ಕಾಣುತ್ತಿತ್ತು. ಮಸಿಯ ಅಡಿಯಲ್ಲೂ ಆಕೆಯ ಮುಖ ಬಿಳಿಚಿಕೊಂಡದ್ದು ಅವನಿಗೆ ಗೊತ್ತಾಯಿತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಆಕೆ ಅವನಿಗೆ ಹೆದರಿದ್ದಳು. ಅದು ಅವನು ಅಂದುಕೊಂಡಷ್ಟು ಹಿತವಾಗಿರಲಿಲ್ಲ.

"ಕಾಗೆ ಗೂಡು," ಅಂದ ನಜೀಫ. "ಚಿಮಣಿಗೆ ಅಡ್ಡ ಬಿದ್ದಿತ್ತು. ಮೊದ್ಲೇ ನೋಡ್ಬೇಕಿತ್ತು. ನಂದೇ ತಪ್ಪು."

ಡಿಸೆಂಬರಿನಲ್ಲಿ ಯಾವ ಕಾಗೆ ಗೂಡು ಕಟ್ಟುತ್ತದೆ ಅಂತ ಶಾಹಾ ಕೇಳಿದಳು. ಹಳೇ ಗೂಡು ಅಂದ. ಹಳೇದಾಗಿದ್ದರೆ ಹೋದ ತಿಂಗಳು ಚಿಮಣಿ ಬಡಿದಾಗ ಯಾಕೆ ಸಿಗಲಿಲ್ಲ ಅಂತ ಆಕೆ ಮತ್ತೆ ಕೇಳುವುದರೊಳಗೆ ಹಸೀಬಾ, "ಕಾಗೆ ಅಂದ್ರೆ ಕಾಗೆ. ಎದ್ದು ಮುಖ ತೊಳ್ಕೊಳ್ಳಿ, ಹಲ್ವ ಆರುತ್ತೆ," ಅಂದಳು. ಕಿಟಕಿಗಳನ್ನು ತೆಗೆದು ಹೊಗೆ ಬಿಟ್ಟರು. ಒಂದು ಸಲಕ್ಕೆ ಒಂದೇ ಕಿಟಕಿ, ನುಸುಳುಗಾಳಿ ಆಗದ ಹಾಗೆ. ಆಮೇಲೆ ಪ್ರಾರ್ಥನೆಯನ್ನು ಮೊದಲಿನಿಂದ ಶುರುಮಾಡಿದರು. ಒಲೆ ಬಂಗಾರದಂತೆ ಉರಿಯಿತು. ಅದನ್ನು ಗಮನಿಸುವ ಮನಸ್ಸು ಯಾರಿಗೂ ಇರಲಿಲ್ಲ.

ಹೆಂಗಸರು ಹೋದ ಮೇಲೆ ನಜೀಫ ಕಾಲುಚೀಲವನ್ನು ಬೆಂಚಿನ ಮೇಲೆ, ಬೆಕ್ಕಿನ ಪಕ್ಕ ಇಟ್ಟ. ಬೆಳಿಗ್ಗೆ ನೋಡಿದರೆ ಅದನ್ನು ಒಗೆದು ಒಲೆಯ ಸರಳಿನ ಮೇಲೆ ಒಣಹಾಕಿದ್ದಳು ಹಸೀಬಾ. ಪಂದ್ಯ ಸೋತವನು ಮಾತಿನಂತೆ ತಗಡು ಕಳಚಲು ಸಲಕರಣೆ ತಂದಿಟ್ಟುಕೊಂಡಾಗ ಅತ್ತೆ ಹೆಣಿಗೆ ಕಡ್ಡಿಯ ಮೇಲೇ ಕಣ್ಣಿಟ್ಟು ಹೇಳಿದಳು:

"ಇರ್ಲಿ ಬಿಡು ಹಾಗೇ. ಆ ತೂತಿಗೆ ಮಾತ್ರ ಕೋಣೆ ಕಡೆಯಿಂದ ಒಂದು ಮುಚ್ಚಳ ಮಾಡ್ಕೊಡು. ತೆಗಿಯೋದು ಮುಚ್ಚೋದು ನನ್ನ ಕೈಲಿರ್ಲಿ."

ಅಂದರೆ ಊದುವುದನ್ನು ಕೊಟ್ಟು ಬಾರಿಸುವುದನ್ನು ತಗೊಂಡ ಹಾಗಾಯಿತು. ಕಾಲುಚೀಲದ ಬದಲು ಇನ್ನು ಮುಚ್ಚಳ. ಆಕೆ ಬೆಂಚಿನಲ್ಲಿ ಕೂತಷ್ಟು ಹೊತ್ತು ಅದು ಮುಚ್ಚಿರುತ್ತದೆ, ಆಕೆ ಏಳುವುದು ಮೊಟ್ಟೆ ತರಲು ಮಾತ್ರ. ನಜೀಫ ಎರಡು ದಿನ ಯೋಚನೆ ಮಾಡಿದ. ಇಷ್ಟು ದಿನ ತಾನು ಬರೀ ಕಲ್ಲಿದ್ದಲಿಗೆ ತಕ್ಕ ಒಲೆ ಮಾಡುತ್ತಿದ್ದೆ ಅಂತ ಅವನಿಗೆ ಹೊಳೆಯಿತು. ಮಾಡಬೇಕಾಗಿದ್ದದ್ದು ಅತ್ತೆಗೂ ತಕ್ಕ ಒಲೆ.

ಹಸೀಬಾ ತಂಗಿಯ ಮನೆಗೆ ಹೋದಾಗ ಅವನು ರಜೆ ಹಾಕಿದ. ಒಲೆಯ ಅಡಿಯ ಹಲಗೆ ಎತ್ತಿ, ನೆಲದ ಕೆಳಗಿಂದ ಹೊಸ ಕೊಳವೆ ಎಳೆದು, ಕೋಳಿಗೂಡಿನ ಹಿಂದೆ ನೆಲಮಟ್ಟದಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ ಅದರ ಬಾಯಿ ಬಿಟ್ಟು ತಂತಿಬಲೆ ಕಟ್ಟಿದ. ಹಳೇ ಕೊಳವೆಯನ್ನು ಗೋಡೆಯೊಳಗೇ ಗಾರೆ ತುಂಬಿ ಮುಗಿಸಿದ. ಕೋಣೆಯ ಕಡೆ ಉಳಿದ ಅದರ ಮೂತಿಗೆ ಹಿತ್ತಾಳೆ ಹಿಡಿಯ ಮುಚ್ಚಳ ಕೂರಿಸಿದ. ಮುಚ್ಚಿದರೂ ಅಷ್ಟೇ, ತೆಗೆದರೂ ಅಷ್ಟೇ. ನಿಜ ಹೇಳಬೇಕೆಂದರೆ ಒಲೆಗಿಂತ ಹೆಚ್ಚು ಹೊತ್ತು ಹಿಡಿದದ್ದು ಮುಚ್ಚಳಕ್ಕೆ. ಮುಚ್ಚಿದಾಗ ಠಕ್ ಅಂತ ಗಟ್ಟಿಯಾಗಿ, ಇನ್ನು ಗಾಳಿಯಪ್ಪ ಬಂದರೂ ನುಸುಳಲಾರ ಅನ್ನುವಂಥ ಸದ್ದು ಬರಬೇಕಿತ್ತು. ಅದಕ್ಕಾಗಿ ಐದಾರು ಸ್ಪ್ರಿಂಗ್ ಬದಲಿಸಿದ.

ಹಸೀಬಾ ಬಂದಳು, ಕೂತಳು, ಠಕ್ ಅನಿಸಿದಳು. ಕೋಣೆ ಬೆಚ್ಚಗಿತ್ತು, ಚಿಮಣಿ ಶುಭ್ರವಾಗಿತ್ತು. ಆಕೆ ಕತ್ತು ಉಜ್ಜಿಕೊಂಡು, "ನೋಡು, ಈಗ ಗಾಳಿ ಇಲ್ಲ," ಅಂದಳು. ಹೌದತ್ತೆ, ಈಗ ಇಲ್ಲ, ಅಂದ ನಜೀಫ.

ಕೆಟ್ಟದ್ದು ಶುರುವಾದದ್ದು ಆಮೇಲೆ. ಕಾಫಿಗೆ ಬಂದವರಿಗೆಲ್ಲ ಹಸೀಬಾ ಮುಚ್ಚಳ ತೋರಿಸತೊಡಗಿದಳು. ಅಳಿಯ ಮಾಡಿದ ಒಲೆ ಊರಿಗೆಲ್ಲ ಮಸಿ ಬಳಿಯಿತು, ತಾನು ಮುಚ್ಚಳ ಹಾಕಿಸಿದೆ, ಆವತ್ತಿಂದ ಸರಿಹೋಯಿತು. ಇದರಲ್ಲಿ ಒಂದು ಮಾತೂ ಸುಳ್ಳಲ್ಲ, ಅದೇ ನಜೀಫನ ಸಂಕಟ. ಜನವರಿಯ ಹೊತ್ತಿಗೆ ಶಾಹಾಳಿಗೂ ಅಂಥ ಒಲೆ ಬೇಕಾಯಿತು. ಆಮೇಲೆ ನಫೀಯಾಳಿಗೆ, ಬೇಕರಿಯವನಿಗೆ. ಎಲ್ಲರೂ ಬಂದು ಕೇಳಿದ್ದು ಹಸೀಬಾಳ ಮುಚ್ಚಳದ ಒಲೆ. ನಜೀಫ ಭಾನುವಾರಗಳನ್ನೆಲ್ಲ ಅವರಿವರ ಒಲೆಯೊಳಗೆ ಕಳೆದ. ನೆಲದಡಿ ನಿಜವಾದ ಕೊಳವೆ ಎಳೆದು, ಗೋಡೆಗೆ ಸುಳ್ಳು ಮುಚ್ಚಳ ಹೊಡೆದ. ಬೇಕರಿಯವನು ತನ್ನ ಮುಚ್ಚಳದ ಠಕ್ ಹಸೀಬಾಳದರಷ್ಟು ಗಟ್ಟಿಯಿಲ್ಲ ಅಂತ ಎರಡು ಸಲ ತಿರುಗಿ ಕರೆಸಿದ.

ಫೆಬ್ರವರಿಯ ಒಂದು ಸಂಜೆ ಫೆಹಿಮ್ ಸ್ಟೂಲಿನ ಮೇಲೆ ಬೆಚ್ಚಗೆ ಕೂತು, ಮನಸ್ಸು ತುಂಬಿ ಬಂದು, "ನಿನ್ನ ಅತ್ತೆ ಇಲ್ದೇ ಇದ್ದಿದ್ರೆ ನಿನ್ನ ಒಲೆ ಉರೀತಾನೇ ಇರ್ಲಿಲ್ಲ ಬಿಡು," ಅಂದ. ಹಸೀಬಾ ಅಲ್ಲೇ ಕೂತಿದ್ದಳು. ಅಲ್ಲ ಅನ್ನಲಿಲ್ಲ. ನಜೀಫ ತಲೆಯೆಲ್ಲ ಬಿಸಿಯಾಗಿ ಹೋಗಿ ಮಲಗಿದ. ಸಾಕು ಅನಿಸಿತು. ಬೆಳಗಾಗಲಿ, ನೆಲದ ಹಲಗೆ ಎತ್ತಿ, ಫೆಹಿಮನನ್ನೂ ಶಾಹಾಳನ್ನೂ ಕರೆದು, ಕಾಲುಚೀಲದಿಂದ ಹಿಡಿದು ಎಲ್ಲವನ್ನೂ ಹೇಳಿಬಿಡುತ್ತೇನೆ. ಗಂಡಸಿನ ಹೆಸರಿಗೆ ಒಂದು ಒಲೆಯಾದರೂ ಉಳಿಯಬೇಕು.

ಬೆಳಗಾಗುವ ಮೊದಲೇ ಎಚ್ಚರವಾಯಿತು. ಹೊರಗೆ ಸದ್ದೇ ಇರಲಿಲ್ಲ. ಕಿಟಕಿಯ ಅರ್ಧದವರೆಗೆ ಹಿಮ. ಒಂದೇ ಸಮನೆ ಸುರಿದಿತ್ತು, ಇನ್ನೂ ಸುರಿಯುತ್ತಿತ್ತು. ನಜೀಫ ದಡಕ್ಕನೆ ಎದ್ದು ಕೂತ. ಕೊಳವೆಯ ಬಾಯಿ ಇದ್ದದ್ದು ನೆಲಮಟ್ಟದಲ್ಲಿ. ಅದು ಮುಚ್ಚಿಹೋಗಿರುತ್ತದೆ. ತನ್ನ ಮನೆಯದಷ್ಟೇ ಅಲ್ಲ, ತಾನು ಮಾಡಿಕೊಟ್ಟ ಎಲ್ಲ ಮನೆಗಳದೂ. ಹಿಮ ಬೀಳುವ ಊರಲ್ಲಿ ಹುಟ್ಟಿ ಬೆಳೆದು, ಕೊಳವೆಯ ಬಾಯನ್ನು ನೆಲಕ್ಕಿಟ್ಟ ತನ್ನ ಬುದ್ಧಿಗೆ ಏನನ್ನಬೇಕು? ಪ್ಯಾಂಟಿನೊಳಗೆ ಕಾಲು ತೂರಿಸಿ, ಗೂಟದಿಂದ ಕೋಟು ಹಾರಿ ಎಳೆದುಕೊಂಡು, ಸಲಿಕೆ ಹಿಡಿದು ಹಿತ್ತಲಿಗೆ ಓಡಿದ. ಓಡುವಾಗ ಮೇಲೆ ನೋಡಿದ. ಚಿಮಣಿಯಲ್ಲಿ ಹೊಗೆ ಇರಲಿಲ್ಲ, ಬರೀ ಶಾಖ ನಡುಗುತ್ತಿತ್ತು.

ಅಡುಗೆಮನೆಯ ಬಾಗಿಲಿಂದ ಕೋಳಿಗೂಡಿನ ಹಿಂದಕ್ಕೆ ಹಿಮದಲ್ಲಿ ಒಂದು ಸಣ್ಣ ಹಾದಿ ಬಿದ್ದಿತ್ತು. ಅದರಲ್ಲಿ ಪುಟ್ಟ ರಬ್ಬರ್ ಬೂಟಿನ ಗುರುತುಗಳು. ಹೋದವು, ಬಂದವು. ಕೊಳವೆಯ ಬಾಯಿಯ ಸುತ್ತ ಒಂದು ಮೊಳ ನೆಲವನ್ನು ಯಾರೋ ಕಪ್ಪು ಮಣ್ಣು ಕಾಣುವ ಹಾಗೆ ಗುಡಿಸಿದ್ದರು. ಅಷ್ಟೇ ಅಲ್ಲ. ಬಾಯಿಯ ಎರಡು ಪಕ್ಕಕ್ಕೂ ಇಟ್ಟಿಗೆ ನಿಲ್ಲಿಸಿ, ಮೇಲೆ ಒಂದು ಹೆಂಚು ಓರೆಯಾಗಿ ಹೊದಿಸಿದ್ದರು, ಬಿದ್ದ ಹಿಮ ಆಚೆಗೆ ಜಾರಿಹೋಗುವ ಹಾಗೆ. ಇಟ್ಟಿಗೆಗಳ ಬುಡ ಮಣ್ಣಿನಲ್ಲಿ ಇಳಿದು ಹೆಪ್ಪುಗಟ್ಟಿ ಕೂತಿತ್ತು. ಅವು ಇವತ್ತು ನಿನ್ನೆ ಇಟ್ಟವಲ್ಲ.

ನಜೀಫ ಸಲಿಕೆ ಊರಿಕೊಂಡು ಅದನ್ನೇ ನೋಡಿದ. ಒಳ್ಳೆಯ ಕೆಲಸ. ಹೆಂಚಿನ ಯೋಚನೆ ತನಗೆ ಬರಬೇಕಾಗಿತ್ತು, ಬಂದಿರಲಿಲ್ಲ. ಬೆಳಕಾಗುತ್ತಲೇ ಉಳಿದ ಮನೆಗಳಿಗೂ ಹೋಗಿ ಹೀಗೇ ಹೊದಿಸಿಬರಬೇಕು ಅಂದುಕೊಂಡ. ಫೆಹಿಮ್ ಹೇಳಿದ ಮಾತು ನೆನಪಾಗಿ ಮೊದಲು ನಾಚಿಕೆಯಾಯಿತು, ಆಮೇಲೆ ನಗು ಬಂತು. ನಗು ಹಿಡಿಯಲಾರದೆ ಅಲ್ಲೇ ಹಿಮದಲ್ಲಿ ಸ್ವಲ್ಪ ಹೊತ್ತು ನಿಂತ. ಕೋಳಿಗಳು ಗೂಡಿನೊಳಗಿಂದ ಗೊಣಗಿದವು.

ಒಳಗೆ ಹಸೀಬಾ ತನ್ನ ಜಾಗದಲ್ಲಿ ಕೂತಿದ್ದಳು. ಒಲೆಯ ತಲೆಯ ಮೇಲೆ ಕಾಫಿ ಉಕ್ಕಲು ಬಂದಿತ್ತು. ಪೊರಕೆ ಬಾಗಿಲ ಮೂಲೆಯಲ್ಲಿ ಒರಗಿತ್ತು, ಅದರ ಕಡ್ಡಿಗಳಲ್ಲಿ ಇನ್ನೂ ಹಿಮ ಸಿಕ್ಕಿಕೊಂಡಿತ್ತು. ಗೋಡೆಯ ಮುಚ್ಚಳ ತೆರೆದಿತ್ತು. ಆಕೆ ಅವನ ಕೈಯ ಸಲಿಕೆ ನೋಡಿದಳು. ಅವನು ಪೊರಕೆ ನೋಡಿದ.

ನಜೀಫ ಸಲಿಕೆಯನ್ನು ಪೊರಕೆಯ ಪಕ್ಕಕ್ಕೆ ಒರಗಿಸಿದ. ಬೆಂಚಿನ ಹಿಂದಿನ ಗೋಡೆಗೆ ಕೈಚಾಚಿ ಹಿತ್ತಾಳೆ ಹಿಡಿ ಹಿಡಿದು, ಠಕ್ ಅಂತ ಮುಚ್ಚಿದ.

"ಮುಚ್ಚೋದು ಮರ್ತಿದ್ರಿ ಅತ್ತೆ," ಅಂದ. "ಕತ್ತಿಗೆ ಗಾಳಿ ಬಡಿದೀತು."

"ವಯಸ್ಸಾಯ್ತಲ್ಲ," ಅಂದಳು ಹಸೀಬಾ. ಪಕ್ಕಕ್ಕೆ ಬಾಗಿ, ನಿದ್ದೆಯಲ್ಲಿದ್ದ ಬೆಕ್ಕನ್ನು ಕತ್ತಿನ ಚರ್ಮ ಹಿಡಿದು ಎತ್ತಿ ನೆಲಕ್ಕಿಟ್ಟಳು. ಕುರಿಚರ್ಮದ ಮೇಲಿನ ಕೂದಲನ್ನು ಕೈಯಲ್ಲಿ ಒಮ್ಮೆ ಸವರಿ ಕೊಡವಿದಳು.

"ಕೂತ್ಕೋ. ಕಾಲು ನೆನೆದಿದೆ."

ಬೆಕ್ಕು ನಡುಕೋಣೆಯಲ್ಲಿ ನಿಂತು ಇಬ್ಬರನ್ನೂ ಸರದಿಯಂತೆ ನೋಡಿತು. ಆಮೇಲೆ ಬಾಲ ನೆಟ್ಟಗೆ ಮಾಡಿಕೊಂಡು ಬಾಗಿಲ ಮೂಲೆಗೆ ಹೋಗಿ, ಪೊರಕೆಯಿಂದ ಇಳಿಯುತ್ತಿದ್ದ ನೀರನ್ನು ಮೂಸಿತು.